ಗೂಟದ ಮೇಲಿನ ಬಂದೂಕು

ಮುನಿಲಕ್ಷ್ಮಮ್ಮ ಹೊರಮಾವಿನ ಆ ಮನೆಗೆ ಸೊಸೆಯಾಗಿ ಬಂದ ದಿನ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಲಗಾಲಿನಿಂದ ಅದನ್ನು ಮೆಲ್ಲಗೆ ಒದ್ದು ಒಳಗೆ ಬಂದವಳು ತಲೆಯೆತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ದೇವರ ಪಟವಲ್ಲ, ಬಂದೂಕು. ಪಡಸಾಲೆಯ ಗೋಡೆಗೆ ಬಡಿದ ಎರಡು ಮರದ ಗೂಟಗಳ ಮೇಲೆ ಅದು ಮನೆಯ ಹಿರಿಯನ ಹಾಗೆ ಮಲಗಿತ್ತು. ಕೆಳಗೆ ಹಗ್ಗದ ಮಂಚ, ಮಂಚದ ಮೇಲೆ ಮಾವ ಪಿಳ್ಳಪ್ಪ.

ಚೆಲ್ಲಿದ ಅಕ್ಕಿಯನ್ನು ಹೆಂಗಸರು ಬಳಿಯುವ ಮೊದಲೇ ಪಿಳ್ಳಪ್ಪ ಮಂಚದಿಂದ ಎದ್ದು ಬಂದ. ಉರುಳಿದ ಸೇರನ್ನು ನೆಟ್ಟಗೆ ನಿಲ್ಲಿಸಿ, ಬೊಗಸೆಯಲ್ಲಿ ಅಕ್ಕಿ ಹಾಕಿ, ಅಂಚಿನವರೆಗೂ ತುಂಬಿದ ಮೇಲೆಯೇ ಅವನಿಗೆ ಸಮಾಧಾನವಾದದ್ದು. "ಈ ಮನೇಲಿ ಯಾವ್ದೂ ಬರಿದಾಗಿರ್ಬಾರ್ದು ಕಣಮ್ಮ. ಅದೊಂದ್ ನೆನಪಿಟ್ಕೊ," ಎಂದು ಹೊಸ ಸೊಸೆಗೆ ಹೇಳಿದ. ಅತ್ತೆ ತೀರಿಹೋಗಿದ್ದ ಮನೆ ಅದು. ಹಾಗಾಗಿ ಅತ್ತೆ ಹೇಳಬೇಕಾದ ಮಾತನ್ನು ಮಾವನೇ ಹೇಳಿದನೆಂದು ಅವಳು ತಲೆಯಾಡಿಸಿದಳು. ಅದು ತೊಂಬತ್ಮೂರನೆಯ ಇಸವಿ.

ಮಾವನದು ಬರಿಯ ಬಾಯಿಮಾತಾಗಿರಲಿಲ್ಲ. ದೇವರ ಮುಂದೆ ನೀರಿಲ್ಲದ ಚೊಂಬು ಇಡುವಂತಿಲ್ಲ. ನೆರೆಮನೆಯ ಪಾತ್ರೆಯನ್ನು ತೊಳೆದು ಹಿಂದಿರುಗಿಸುವಾಗ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಮೊರವನ್ನು ಖಾಲಿ ತೂಗುಹಾಕಿದರೆ ಬೈಗುಳ. ಹಸುಗಳನ್ನು ಮಾರಿ ಎಷ್ಟೋ ಕಾಲವಾಗಿದ್ದರೂ ಅಂಗಳದಾಚೆಯ ಕೊಟ್ಟಿಗೆಯ ಗೋದಲಿಯಲ್ಲಿ ಒಂದು ಹಿಡಿ ಹುಲ್ಲು ಇದ್ದೇ ಇರಬೇಕು. ಇಲ್ಲದ ಹಸುವಿಗೆ ಹುಲ್ಲು ಹಾಕುವ ಮನೆ ಎಂದು ಅವಳು ತವರಿನಲ್ಲಿ ಹೇಳಿಕೊಂಡು ನಕ್ಕಿದ್ದಳು. ಆಗಿನ್ನೂ ನಗು ಬರುತ್ತಿತ್ತು.

ಬಂದೂಕಿಗೂ ಒಂದು ಕಾಲದಲ್ಲಿ ಕೆಲಸವಿತ್ತು. ಪಿಳ್ಳಪ್ಪನಿಗೆ ದ್ರಾಕ್ಷಿ ತೋಟವಿತ್ತು. ಹಗಲು ಗಿಳಿ, ಕತ್ತಲಾದರೆ ಬಾವಲಿ, ಎರಡೂ ಮುಗಿಬಿದ್ದು ಗೊನೆಗಳನ್ನು ತಿಂದುಹಾಕುತ್ತಿದ್ದವು. ಬೆಳೆ ಕಾಯುವುದಕ್ಕೆಂದು ಸರ್ಕಾರ ಲೈಸೆನ್ಸ್ ಕೊಟ್ಟಿತು. ಒಂಟಿ ನಳಿಗೆಯ ಗಿಡ್ಡ ಬಂದೂಕು. ನಡುವೆ ಕೀಲಿ ಒತ್ತಿ ಬಗ್ಗಿಸಿ ಒಂದು ಕಾಡತೂಸು ಹಾಕಬೇಕು, ಮತ್ತೆ ನೆಟ್ಟಗೆ ಮಾಡಬೇಕು. ಆಮೇಲೆ ತೋಟ ಲೇಔಟಾಯಿತು. ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು ಯಾರ ಯಾರದೋ ಕಾಂಪೌಂಡಿಗೆ ಹೋದವು. ಗಿಳಿಗಳೂ ಬೇರೆ ಊರು ನೋಡಿಕೊಂಡವು. ಉಳಿದದ್ದು ಪಿಳ್ಳಪ್ಪ ಮತ್ತು ಬಂದೂಕು. ಲೈಸೆನ್ಸ್ ಹೊಸದು ಮಾಡಿಸಲು ಕೋಟು ಪೇಟ ತೊಟ್ಟು ಕಚೇರಿಗೆ ಹೋದಾಗ, ಯಾವ ಬೆಳೆ ಅಂತ ಅಲ್ಲಿಯವರು ಕೇಳಿದರಂತೆ. ಮನೆ ಮುಂದೆ ತೆಂಗಿನ ಮರ ಇದೆ ಸ್ವಾಮಿ ಎಂದನಂತೆ. ಅವರು ನಕ್ಕು ಮೊಹರು ಒತ್ತಿಕೊಟ್ಟರು. ಊರಿನಲ್ಲಿ ಅವನನ್ನು ಈಗಲೂ ಬಂದೂಕಿನ ಪಿಳ್ಳಪ್ಪ ಅನ್ನುತ್ತಿದ್ದರು. ತೋಟದ ಪಿಳ್ಳಪ್ಪ ಅನ್ನುವವರು ಯಾರೂ ಉಳಿದಿರಲಿಲ್ಲ. ಇದು ಮುನಿಲಕ್ಷ್ಮಮ್ಮನಿಗೆ ಅರ್ಥವಾಗುತ್ತಿತ್ತು. ಅರ್ಥವಾಗುತ್ತಿತ್ತು ಅನ್ನುವುದೇ ಅವಳ ಕಷ್ಟ.

ಅವಳು ಬಂದೂಕು ಕಾಣದವಳೇನಲ್ಲ. ಅಪ್ಪ ಚೌಡಪ್ಪ ಹಲಸೂರು ಕೆರೆಯ ಪಕ್ಕದ ಮಿಲಿಟರಿ ಏರಿಯಾದಲ್ಲಿ ಬಂದೂಕು ಒರೆಸಿ ಎಣ್ಣೆ ಹಾಕುವ ಕೆಲಸದಲ್ಲಿದ್ದ. ಬಂದೂಕುಗಳನ್ನಿಡುವ ಕೋಣೆಗೆ ಅಲ್ಲಿ ಕೋತ್ ಎಂಬ ಹೆಸರು. ಅಲ್ಲಿ ಬಂದೂಕುಗಳಿಗೆ ಸಾಲಾಗಿ ಸರಪಳಿ ಬಿಗಿದಿರುತ್ತದೆ, ಗುಂಡುಗಳು ಬೇರೆ ಕಟ್ಟಡದಲ್ಲಿ ಇರುತ್ತವೆ, ಇದರ ಬೀಗದ ಕೈ ಒಬ್ಬನ ಹತ್ತಿರ, ಅದರದು ಇನ್ನೊಬ್ಬನ ಹತ್ತಿರ ಎಂದೆಲ್ಲ ಅವನು ಊಟಕ್ಕೆ ಕೂತಾಗ ಹೇಳುತ್ತಿದ್ದ. ಮಕ್ಕಳಿಗೆ ರಾಜಕುಮಾರಿಯ ಕತೆ ಹೇಳುವುದು ಬಿಟ್ಟು ಇದೇನು ಎಂದು ಅವ್ವ ಗದರುತ್ತಿದ್ದಳು. ಆ ಅಪ್ಪ ಮಗಳ ಗಂಡನ ಮನೆಗೆ ಮೊದಲ ಸಲ ಬಂದಾಗ ಗೋಡೆಯ ಕಡೆ ಒಮ್ಮೆ ನೋಡಿದ. ಬಂದೂಕಿನ ಬಾಯಿ ಯಾವ ಕಡೆಗಿದೆ ಎಂದು ಕಂಡುಕೊಂಡು, ಕಾಫಿ ಲೋಟದ ಸಮೇತ ಎದ್ದು ಪಡಸಾಲೆಯ ಇನ್ನೊಂದು ಮೂಲೆಗೆ ಹೋಗಿ ಕೂತ. ಹೆಣ್ಣು ಕೊಟ್ಟ ಮನೆ. ಅದಕ್ಕಿಂತ ಹೆಚ್ಚು ಏನೂ ಹೇಳುವ ಹಾಗಿರಲಿಲ್ಲ. ಬಸ್ ಸ್ಟಾಪಿಗೆ ಬಿಡಲು ಬಂದ ಮಗಳಿಗೆ ಮಾತ್ರ, "ಖಾಲಿ ಅಂತ ಯಾರಾದ್ರೂ ಬಾಯಲ್ಲಿ ಹೇಳಿದ್ರೆ ಅದು ಖಾಲಿ ಅಲ್ಲ. ಕಣ್ಣಲ್ಲಿ ನೋಡ್ಬೇಕು. ಒಬ್ರು ನೋಡಿದ್ಮೇಲೆ ಇನ್ನೊಬ್ರೂ ನೋಡ್ಬೇಕು," ಎಂದ.

ಮರುವರ್ಷ ನಂದಿತಾ ಹುಟ್ಟಿದಳು. ಬಾಣಂತನ ಮುಗಿಸಿ ತವರಿನಿಂದ ಬಂದ ಮುನಿಲಕ್ಷ್ಮಮ್ಮ ಮಗುವನ್ನು ಪಡಸಾಲೆಯಲ್ಲಿ ಮಲಗಿಸಿ ಮೇಲೆ ನೋಡಿದಾಗ, ಅಷ್ಟು ದಿನ ಗೋಡೆಯ ಸಾಮಾನಾಗಿದ್ದ ಬಂದೂಕು ಒಮ್ಮೆಗೇ ಜೀವ ಬಂದಂತೆ ಕಂಡಿತು. ಅವತ್ತಿನಿಂದ ಶುರುವಾದ ಹೆದರಿಕೆ ಅವಳನ್ನು ಬಿಡಲಿಲ್ಲ. ಮಗು ಅಂಬೆಗಾಲಿಟ್ಟಿತು, ನಿಂತಿತು, ಮಂಚ ಹತ್ತಿತು. ಯಾವ ತಾಯಿಯೂ ಹಿಗ್ಗುವ ಈ ಒಂದೊಂದು ಹೆಜ್ಜೆಗೂ ಅವಳು ಮಗುವಿನ ಕೈಗೂ ಗೂಟಕ್ಕೂ ಇರುವ ಅಂತರವನ್ನು ಅಳೆಯುತ್ತಿದ್ದಳು. ಒಂದು ದಿನ ತಾತನ ಮಂಚದ ಮೇಲೆ ನಿಂತು, ತುದಿಗಾಲಲ್ಲಿ ಕೈ ಚಾಚಿ, ನಂದಿತಾ ಬಂದೂಕಿನ ಮರದ ಹಿಡಿಯನ್ನು ಬೆರಳಿನಿಂದ ಮುಟ್ಟಿಯೇಬಿಟ್ಟಳು. ಮೊಮ್ಮಗಳು ಥೇಟ್ ತನ್ನ ಹಾಗೇ ಆಗಿದ್ದಾಳೆ ಎಂದು ಪಿಳ್ಳಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದ.

ಮಾರನೆಯ ಬೆಳಿಗ್ಗೆ ಕಸ ಗುಡಿಸುವ ನೆಪದಲ್ಲಿ ಮುನಿಲಕ್ಷ್ಮಮ್ಮ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಳು. ಗೋಡೆಗೆ ಒರಗಿಕೊಳ್ಳಲು ಬೇಕೆಂದು ಮಧ್ಯಾಹ್ನ ಪಿಳ್ಳಪ್ಪ ಅದನ್ನು ಹಿಂದಕ್ಕೆ ತಳ್ಳಿದ. ಅವಳು ಎಳೆಯುವುದು, ಅವನು ತಳ್ಳುವುದು. ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ವರ್ಷಗಟ್ಟಲೆ ಇದು ನಡೆಯಿತು. ಮಂಚದ ಕಾಲು ಉಜ್ಜಿ ಉಜ್ಜಿ ಗಾರೆಯ ನೆಲದಲ್ಲಿ ಗೀರು ಬಿತ್ತು.

ಗಂಡ ಅಂಜನಮೂರ್ತಿ ಟೆಂಪೋ ಓಡಿಸುತ್ತಿದ್ದ. ಕೆಟ್ಟವನಲ್ಲ, ಆದರೆ ಅಪ್ಪನ ಎದುರಿಗೆ ನಿಂತರೆ ಹೂಂ ಎನ್ನುವುದು ಬಿಟ್ಟು ಬೇರೆ ಮಾತು ಆಡಿದವನಲ್ಲ. ಬಂದೂಕಿಗೆ ಒಂದು ಬೀಗದ ಪೆಟ್ಟಿಗೆ ಮಾಡಿಸೋಣ ರೀ ಎಂದು ಅವಳು ಕೇಳಿದಾಗಲೆಲ್ಲ, ಗೂಟದಿಂದ ಅದನ್ನು ಇಳಿಸಿದರೆ ಅಪ್ಪನನ್ನೇ ಇಳಿಸಿದ ಹಾಗೆ ಆಗುತ್ತೆ, ಸ್ವಲ್ಪ ದಿನ ತಡಿ ಎನ್ನುತ್ತಿದ್ದ. ಆ ಸ್ವಲ್ಪ ದಿನ ಬರಲೇ ಇಲ್ಲ. ಕೊನೆಗೆ ಅವಳೇ ಧೈರ್ಯ ಮಾಡಿ ಮಾವನನ್ನು ಕೇಳಿದಳು. ಪಿಳ್ಳಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಂದಿತಾಳನ್ನು ಹತ್ತಿರ ಕರೆದು, ಮಗುವಿನ ನೆತ್ತಿಯ ಮೇಲೆ ಅಂಗೈ ಇಟ್ಟ.

"ಇವಳ ತಲೆ ಮೇಲೆ ಆಣೆ ಕಣಮ್ಮ, ಅದು ಖಾಲಿ. ತೋಟ ಹೋದ್ಮೇಲೆ ನಾನ್ ಒಂದ್ ಹಕ್ಕಿನೂ ಹೊಡ್ದಿಲ್ಲ. ಇನ್ನೇನ್ ಹೇಳ್ಲಿ?"

ಇನ್ನೇನು ಕೇಳುವುದು? ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಆಡಿದ ಮಾತು. ಅದನ್ನು ಅನುಮಾನಿಸಿದರೆ ಮಾವನನ್ನು ಸುಳ್ಳ ಅಂದ ಹಾಗೆ, ಮಗುವಿಗೆ ಕೇಡು ಬಯಸಿದ ಹಾಗೆ. ಆ ಆಣೆಯೊಳಗೆ ಅವಳು ಸಿಕ್ಕಿಬಿದ್ದಳು ಅನ್ನುವುದೇ ಸರಿ.

ಮದುವೆಗೆ ಮುಂಚೆ ಅವಳು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು. ಕಾಲರು ಹೊಲಿಯುವುದರಲ್ಲಿ ಅವಳ ಕೈ ಚುರುಕು. ಕೆ.ಆರ್. ಪುರದ ಕಡೆ ಹೊಸ ಫ್ಯಾಕ್ಟರಿ ಬಂದಾಗ ಹಳೆಯ ಗೆಳತಿಯರು ಬಾ ಎಂದು ಕರೆದರು. ಮಗುವನ್ನು ನೋಡಿಕೊಳ್ಳಲು ತಾತ ಮನೆಯಲ್ಲೇ ಇದ್ದಾರಲ್ಲ, ನಿನಗೇನು ಕಷ್ಟ ಎಂದರು. ತಾತ ಮನೆಯಲ್ಲೇ ಇದ್ದಾರೆ, ಬಂದೂಕೂ ಮನೆಯಲ್ಲೇ ಇದೆ ಎಂದು ಅವಳು ಹೇಳಲಿಲ್ಲ. ಸೊಂಟ ನೋವು ಎಂದಳು. ಅಂಗಡಿಗೆ ಹೋದರೆ ಮಗು ಕಂಕುಳಲ್ಲಿ, ನೀರಿಗೆ ಹೋದರೆ ಮಗು ಕಂಕುಳಲ್ಲಿ, ಸ್ನಾನಕ್ಕೆ ಹೋದರೂ ಬಚ್ಚಲುಮನೆಯ ಬಾಗಿಲ ಒಳಗೇ ಮಗು. ಇಷ್ಟು ದೊಡ್ಡವಳನ್ನು ಇನ್ನೂ ಎತ್ತಿಕೊಂಡು ತಿರುಗುತ್ತೀಯಲ್ಲ ಎಂದು ಊರಿನ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ. ಅವಳಿಗೆ ತನ್ನ ಮನೆಯೇ ಒಂದು ಠಾಣೆಯ ಹಾಗಾಗಿತ್ತು, ಕಾವಲುಗಾರ್ತಿಯೂ ಅವಳೇ, ಕೈದಿಯೂ ಅವಳೇ.

ಬಿಡುಗಡೆ ಸಿಗುತ್ತಿದ್ದದ್ದು ಚುನಾವಣೆಯಲ್ಲಿ ಮಾತ್ರ. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಇದ್ದವರು ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಪಿಳ್ಳಪ್ಪ ಬಂದೂಕನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಮಗನ ಟೆಂಪೋದಲ್ಲಿ ಮಡಿಲ ಮೇಲಿಟ್ಟುಕೊಂಡು, ಹೆಣ್ಣು ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು ಹೋಗುತ್ತಿದ್ದ. ದೆಹಲಿಯಲ್ಲಿ ಸರ್ಕಾರಗಳು ಒಂದರ ಹಿಂದೆ ಒಂದು ಬೀಳುತ್ತಿದ್ದ ಕಾಲ ಅದು. ಇವರಿಗೆ ಮಾನ ಮರ್ಯಾದೆ ಇಲ್ಲವಾ, ಎಷ್ಟು ಸಲ ಓಟು ಹಾಕುವುದು ಎಂದು ಊರೆಲ್ಲ ಉಗಿಯುತ್ತಿದ್ದರೆ, ಸರ್ಕಾರ ಬಿತ್ತು ಎಂದು ರೇಡಿಯೋದಲ್ಲಿ ಕೇಳಿದ ಕೂಡಲೇ ಮುನಿಲಕ್ಷ್ಮಮ್ಮ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದಳು. ಗೂಟಗಳು ಬರಿದಾಗಿದ್ದಷ್ಟು ದಿನ ಅವಳು ಮಗುವನ್ನು ಕೆಳಗಿಳಿಸುತ್ತಿದ್ದಳು. ಹಲಸೂರಿಗೆ ಹೋಗಿ, ಸೋಮೇಶ್ವರನ ಗುಡಿಯ ಮುಂದೆ ಹೂವು ಕೊಂಡು, ಅವ್ವನ ಮಡಿಲಲ್ಲಿ ತಲೆಯಿಟ್ಟು ಹಗಲುಹೊತ್ತೇ ನಿದ್ದೆ ಮಾಡುತ್ತಿದ್ದಳು. ಫಲಿತಾಂಶ ಬಂದ ಮೇಲೆ ಬಂದೂಕು ಮರಳಿ ಗೂಟಕ್ಕೆ, ಅವಳು ಮರಳಿ ಕಾವಲಿಗೆ.

ತೊಂಬತ್ತೊಂಬತ್ತರಲ್ಲಿ ಮಳೆಗಾಲದ ಕೊನೆಗೆ ಮತ್ತೆ ಚುನಾವಣೆ ಬಂತು, ಮುಗಿಯಿತು. ಆಯುಧಪೂಜೆ ಹತ್ತಿರವಿತ್ತು. ಪೂಜೆಗೆ ಬಂದೂಕು ಮನೆಯಲ್ಲಿರಲೇಬೇಕು ಎಂದು ಪಿಳ್ಳಪ್ಪ ಠಾಣೆಗೆ ಅಲೆದು ಅಲೆದು ಅದನ್ನು ಬಿಡಿಸಿಕೊಂಡು ಬಂದ.

ಆಯುಧಪೂಜೆಯ ಕ್ರಮ ಆ ಮನೆಯಲ್ಲಿ ಹೀಗಿತ್ತು. ಕುಡುಗೋಲು, ಮಚ್ಚು, ಗುದ್ದಲಿ, ಟೆಂಪೋದ ಸ್ಪ್ಯಾನರು, ಎಲ್ಲವನ್ನೂ ತೊಳೆದು ಪಡಸಾಲೆಯಲ್ಲಿ ದೇವರ ಪಟದ ಕೆಳಗೆ ಜೋಡಿಸುವುದು. ಅಕ್ಕಿ ತುಂಬಿದ ಸೇರು, ನೀರು ತುಂಬಿದ ಕಳಶ. ಎಲ್ಲಕ್ಕೂ ಮುಂದೆ, ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ ಬಂದೂಕು. ಅದನ್ನು ಬಿಚ್ಚಿ ಒಳಗೆಲ್ಲ ಒರೆಸಿ ಸಿದ್ಧಮಾಡುವುದು ಪಿಳ್ಳಪ್ಪನೊಬ್ಬನದೇ ಕೆಲಸ. ಬೆಳಗಿನ ಜಾವವೇ ಎದ್ದು, ಮಡಿಯುಟ್ಟು, ಯಾರೂ ಏಳುವ ಮೊದಲೇ ಮುಗಿಸುತ್ತಿದ್ದ. ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಒಮ್ಮೆ ಪೂಜೆಗೆ ಕೂರಿಸಿದ್ದನ್ನು ಮರುದಿನ ವಿಜಯದಶಮಿಯ ಪೂಜೆಯಾಗುವ ತನಕ ಯಾರೂ ಅಲುಗಿಸುವಂತಿಲ್ಲ. ವರ್ಷದಲ್ಲಿ ಈ ಒಂದು ದಿನ ಬಂದೂಕು ನೆಲದ ಮಟ್ಟದಲ್ಲಿ ಇರುತ್ತಿತ್ತು. ಹಿಂದಿನ ವರ್ಷಗಳಲ್ಲಿ ಆ ದಿನವಿಡೀ ಮುನಿಲಕ್ಷ್ಮಮ್ಮ ಅದರ ಪಕ್ಕದಲ್ಲೇ ಕೂತು ಹೂವು ಕಟ್ಟುತ್ತಿದ್ದಳು. ಎಂಥ ಭಕ್ತಿ ಎಂದು ನೋಡಿದವರು ಮೆಚ್ಚುತ್ತಿದ್ದರು.

ಆ ವರ್ಷ ಹಬ್ಬದ ಬೆಳಿಗ್ಗೆಯೇ ಅವಳು ಮುಟ್ಟಾದಳು.

ಹೊರಗಾದವಳು ಕೊಟ್ಟಿಗೆಯಲ್ಲಿ ಕೂರಬೇಕು, ಹೊಸ್ತಿಲು ದಾಟಬಾರದು, ಪೂಜೆಯ ಸಾಮಾನಿನ ಮೇಲೆ ನೆರಳೂ ಬೀಳಬಾರದು. ಅಡುಗೆಗೆಂದು ನಾದಿನಿ ಗೌರಮ್ಮ ಬಂದಳು. ಬೇರೆ ತಿಂಗಳುಗಳ ಹಾಗೆ ನಂದಿತಾಳನ್ನು ನನ್ನ ಹತ್ತಿರವೇ ಬಿಡು ಎಂದು ಮುನಿಲಕ್ಷ್ಮಮ್ಮ ಅಂಗಲಾಚಿದಳು. ಹಬ್ಬದ ದಿನ ಮಗುವಿಗೂ ಮೈಲಿಗೆ ಮಾಡುತ್ತೀಯಾ ಎಂದು ಗೌರಮ್ಮ ಒಪ್ಪಲಿಲ್ಲ. ಕೊಟ್ಟಿಗೆಯ ಗೋದಲಿಯ ಪಕ್ಕ, ಆ ಇಲ್ಲದ ಹಸುವಿನ ಜಾಗದಲ್ಲಿ, ಅವಳು ಮುದುಡಿ ಕೂತಳು. ಅಲ್ಲಿಂದ ಅಂಗಳದಾಚೆ ಪಡಸಾಲೆಯ ಬಾಗಿಲು ನೇರಕ್ಕೆ ಕಾಣುತ್ತಿತ್ತು. ಹಾರ ಹಾಕಿಸಿಕೊಂಡು ಕೂತ ಬಂದೂಕೂ ಕಾಣುತ್ತಿತ್ತು. ಕಾಣುತ್ತಿತ್ತು, ಅಷ್ಟೆ.

ಊಟವಾಯಿತು. ಅಂಜನಮೂರ್ತಿ ಬಾಳೆಕಂದು ಕಟ್ಟಿದ ಟೆಂಪೋ ತೆಗೆದುಕೊಂಡು ಬೀದಿಯ ಮಕ್ಕಳನ್ನು ಒಂದು ಸುತ್ತು ಹಾಕಿಸಲು ಹೋದ. ನಂದಿತಾ ಕೈಯಲ್ಲಿ ಕಜ್ಜಾಯ ಹಿಡಿದು ಹೋಗಲೊಲ್ಲೆ ಎಂದಳು. ಪಿಳ್ಳಪ್ಪ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದ. ಗೌರಮ್ಮ ಹಿತ್ತಲಲ್ಲಿ ಬೋರಿನ ಮೋಟರ್ ಹಾಕಿ ಪಾತ್ರೆ ಬೆಳಗಲು ಕೂತಳು. ಐದು ವರ್ಷದ ಮಗು ಪಡಸಾಲೆಯಲ್ಲಿ ಒಂಟಿಯಾಯಿತು.

ನಂದಿತಾ ಮಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಬೆಳಿಗ್ಗೆ ತಾತ ಮಾಡಿದ್ದನ್ನೆಲ್ಲ ಮಾಡತೊಡಗಿದಳು. ಗಂಟೆ ಅಲ್ಲಾಡಿಸಿದಳು. ಕುಂಕುಮದ ಬಟ್ಟಲಿಗೆ ಬೆರಳದ್ದಿ ಕುಡುಗೋಲಿಗೆ ಇಟ್ಟಳು, ಮಚ್ಚಿಗೆ ಇಟ್ಟಳು, ಬಂದೂಕಿನ ಹಿಡಿಗೆ ಇಟ್ಟಳು. ಮುನಿಲಕ್ಷ್ಮಮ್ಮ ಎದ್ದು ನಿಂತು ಗೌರಮ್ಮನನ್ನು ಕೂಗಿದಳು. ಮೋಟರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮಗು ನಳಿಗೆಯ ಬಾಯಿಗೆ ಒಂದು ಚಿಟಿಕೆ ಕುಂಕುಮ ಹಾಕಿತು. ಅದು ಒಳಗೆ ಹೋಯಿತೇನೋ ಎಂದು ನೋಡಲು ಬಗ್ಗಿ ಒಂದು ಕಣ್ಣನ್ನು ನಳಿಗೆಯ ಬಾಯಿಗೆ ತಂದಿತು. ಬಂದೂಕು ಜಾರದ ಹಾಗೆ ಇನ್ನೊಂದು ಕೈಯನ್ನು ಉದ್ದಕ್ಕೆ ಚಾಚಿ ಹಾರದೊಳಗೆ ತೂರಿಸಿತು. ಎಳೆದರೆ ಗುಂಡು ಹಾರುವ ಕುದುರೆ ಇದ್ದದ್ದು ಆ ಹಾರದ ಕೆಳಗೇ.

ಈಗ ಮತ್ತೆ ಕೂಗಿದರೆ ಮಗು ಬೆಚ್ಚಿ ಕೈ ಬಿಗಿಹಿಡಿದೀತು. ಅವಳು ಕೂಗಲಿಲ್ಲ. ಅಂಗಳ ದಾಟಿದ್ದು, ಹೊಸ್ತಿಲು ದಾಟಿದ್ದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಹಿಂದಿನಿಂದ ಬಂದು ಮಗುವಿನ ಮಣಿಕಟ್ಟನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅದನ್ನು ಎಳೆದು ಎದೆಗವಚಿಕೊಂಡಳು. ಕಳಶ ಉರುಳಿ ನೀರು ಮಣೆಯ ಸುತ್ತ ಹರಿಯಿತು. ಆ ಸದ್ದಿಗೆ ಪಿಳ್ಳಪ್ಪ ಎದ್ದು ಕೂತ.

ಅವನಿಗೆ ಕಂಡದ್ದು ಮುಟ್ಟಾದ ಸೊಸೆ ಪೂಜೆಯ ನಡುವೆ ನಿಂತಿರುವುದು. ಅವನ ಮುಖ ಕಪ್ಪಿಟ್ಟಿತು. ಹಬ್ಬ ಹಾಳು ಮಾಡಿದೆ, ಮನೆತನಕ್ಕೆ ಕೇಡು ತಂದೆ, ಬುದ್ಧಿ ಕೆಟ್ಟಿದೆಯಾ ನಿನಗೆ ಎಂದೆಲ್ಲ ಬೈದ. ಮಗು ಬಂದೂಕಿನ ಬಾಯಿಗೆ ಕಣ್ಣಿಟ್ಟಿತ್ತು ಎಂದು ಅವಳು ಹೇಳಿದಾಗ ಅದೇ ಹಳೆಯ ಮಾತು ಆಡಿದ. "ಖಾಲಿ ಬಂದೂಕು ಕಣಮ್ಮ ಅದು. ಆಣೆ ಹಾಕಿಲ್ವಾ ನಾನು?"

ಮುನಿಲಕ್ಷ್ಮಮ್ಮ ಮಗುವನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡಳು. ಬಗ್ಗಿ ಬಂದೂಕು ಎತ್ತಿದಳು. ಹಾರ ಜಾರಿ ನೀರಿಗೆ ಬಿತ್ತು. ಠಾಣೆಯಿಂದ ತಂದ ದಿನ ಮಾವ ಅದನ್ನು ಹೇಗೆ ಬಿಚ್ಚಿ ನೋಡುತ್ತಾನೆಂದು ಬಾಗಿಲ ಸಂದಿನಿಂದ ನೋಡಿದ್ದಳು. ಬಾಯಿಯನ್ನು ನೆಲದ ಕಡೆ ಮಾಡಿ, ಕೀಲಿ ಒತ್ತಿ, ಬಗ್ಗಿಸಿದಳು. ನಳಿಗೆಯ ಬುಡದಿಂದ ಕೆಂಪು ಕಾಡತೂಸೊಂದು ಅರ್ಧ ಹೊರಗೆ ಬಂತು. ಅದರ ಹಿತ್ತಾಳೆಯ ತಳದಲ್ಲಿ ಅರಿಶಿನ ಬಳಿದು, ಮೇಲೆ ಕುಂಕುಮದ ಬೊಟ್ಟು ಇಟ್ಟಿತ್ತು.

ಮೋಟರ್ ಓಡುತ್ತಲೇ ಇತ್ತು. ಪಿಳ್ಳಪ್ಪ ಆ ಕಾಡತೂಸನ್ನು ನೋಡಿದ. ಗುರುತು ಸಿಗದವನ ಹಾಗೆ ನೋಡಿದ.

"ಅದು... ಅದು ದೇವ್ರಿಗೆ ಇಟ್ಟಿದ್ದು," ಎಂದ.

ಅವನು ಸುಳ್ಳು ಹೇಳಿರಲಿಲ್ಲ. ಅದೇ ಭಯಂಕರ. ದೇವರ ಮುಂದೆ ಕಳಶ ಬರಿದಾಗಿರಬಾರದು, ಸೇರು ಬರಿದಾಗಿರಬಾರದು, ಹಾಗೆಯೇ ಬಂದೂಕೂ ಬರಿದಾಗಿರಬಾರದು. ಪ್ರತಿ ಆಯುಧಪೂಜೆಯ ಬೆಳಗಿನ ಜಾವ ಅವನು ಒಂದು ಕಾಡತೂಸಿಗೆ ಅರಿಶಿನ ಕುಂಕುಮವಿಟ್ಟು ನಳಿಗೆಗೆ ತುಂಬುತ್ತಿದ್ದ. ಪೂಜೆಯ ನಂತರ ಹಾಗೆಯೇ ಗೂಟಕ್ಕೇರಿಸುತ್ತಿದ್ದ. ಸೇರಿನ ಅಕ್ಕಿಯನ್ನು ಯಾರಾದರೂ ಅನ್ನ ಮಾಡಲಿಕ್ಕೆ ಇಟ್ಟದ್ದು ಅನ್ನುತ್ತಾರೆಯೇ? ಹಾಗೆಯೇ ಇದೂ ಅವನ ಮಟ್ಟಿಗೆ ಗುಂಡು ತುಂಬಿದ್ದಲ್ಲ. ಹೊಡೆಯಲು ತುಂಬಿದ್ದು ಮಾತ್ರ ತುಂಬಿದ್ದು. ಚುನಾವಣೆ ಬಂದರೆ ಠಾಣೆಗೆ ಹೊರಡುವ ಮೊದಲು ತೆಗೆಯುತ್ತಿದ್ದ, ಬಾರದಿದ್ದರೆ ಮುಂದಿನ ಪೂಜೆಯವರೆಗೂ ಅದು ಅಲ್ಲೇ. ಆ ಗೋಡೆಯ ಕೆಳಗೆ ಮಗುವಿಗೆ ಮೊಲೆಯೂಡಿಸಿದ್ದು, ಆ ಮಂಚದ ಮೇಲೆ ಮಗು ತುದಿಗಾಲಲ್ಲಿ ನಿಂತದ್ದು, ನೆತ್ತಿಯ ಮೇಲೆ ಕೈಯಿಟ್ಟು ಅವನು ಆಣೆ ಹಾಕಿದ್ದು, ಎಲ್ಲವೂ ಮುನಿಲಕ್ಷ್ಮಮ್ಮನ ಕಣ್ಣ ಮುಂದೆ ಬಂತು. ಅವಳು ಕಾಡತೂಸನ್ನು ಪೂರ್ತಿ ಹೊರಗೆಳೆದು ಅಂಗೈಯಲ್ಲಿ ಹಿಡಿದಳು.

"ದೇವ್ರಿಗೆ ಇಟ್ಟಿದ್ದು ಅಂತ ಗುಂಡಿಗೆ ಗೊತ್ತಾ ಮಾವ?"

ಪಿಳ್ಳಪ್ಪ ಬಂದೂಕಿಗೆ ಕೈ ಚಾಚಿದ. ಅರ್ಧಕ್ಕೇ ನಿಲ್ಲಿಸಿದ. ಅದು ಈಗ ಮುಟ್ಟಾದವಳ ಕೈಯಲ್ಲಿತ್ತು. ನಾಲ್ಕನೆಯ ದಿನದ ನೀರು ಹಾಕಿಕೊಳ್ಳುವವರೆಗೆ ಅವಳನ್ನೂ ಅವಳು ಮುಟ್ಟಿದ್ದನ್ನೂ ಅವನು ಮುಟ್ಟುವ ಹಾಗಿರಲಿಲ್ಲ. ಆ ಚಾಚಿದ ಕೈಯನ್ನು ನೋಡಿದಾಗಲೇ ಅವಳಿಗೂ ಅದು ಹೊಳೆದದ್ದು. ಇಷ್ಟು ವರ್ಷ ತನ್ನನ್ನು ಹೊಸ್ತಿಲಾಚೆ ಕೂರಿಸಿದ ಕಟ್ಟಳೆಯೇ ಈಗ ಅವನಿಗೂ ಬೇಲಿಯಾಗಿತ್ತು. ಕಾಡತೂಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಿಚ್ಚಿದ ಬಂದೂಕನ್ನು ಒಂದು ಕೈಯಲ್ಲಿ, ಮಗುವನ್ನು ಇನ್ನೊಂದರಲ್ಲಿ ಹಿಡಿದು, ಅಂಗಳ ದಾಟಿ ಕೊಟ್ಟಿಗೆಗೆ ಹೋದಳು. ಬಂದೂಕನ್ನು ಬಿಚ್ಚಿದ ಹಾಗೆಯೇ ಬೆನ್ನ ಹಿಂದೆ ಗೋದಲಿಯಲ್ಲಿಟ್ಟು, ಅದಕ್ಕೆ ಅಡ್ಡವಾಗಿ ಕೂತಳು.

ಊರಿನವರು ಬಂದರು. ಕೆಲವರು ಬೈದರು, ಕೆಲವರು ಕಾಯಿ ಒಡೆದು ಶಾಂತಿ ಮಾಡಿಸಿ ಎಂದರು. ಪಿಳ್ಳಪ್ಪನ ಸೊಸೆ ಬಂದೂಕು ಹಿಡಿದು ಕೂತಿದ್ದಾಳೆ, ತಲೆ ಕೆಟ್ಟಿದೆ ಎಂದು ಬೀದಿಯಲ್ಲಿ ಸುದ್ದಿಯಾಯಿತು. ಒಬ್ಬರೂ ಒಳಗೆ ಬಂದು ಅದನ್ನು ಕಸಿದುಕೊಳ್ಳಲಿಲ್ಲ. ಟೆಂಪೋ ತಂದು ನಿಲ್ಲಿಸಿದ ಅಂಜನಮೂರ್ತಿ ಗೌರಮ್ಮನಿಂದ ಎಲ್ಲ ಕೇಳಿ ಕೊಟ್ಟಿಗೆಯ ಬಾಗಿಲಿಗೆ ಬಂದ. ಅವಳು ಸೆರಗಿನ ಗಂಟು ಬಿಚ್ಚಿ ಕಾಡತೂಸು ತೋರಿಸಿದಳು. ಅವನು ಅದರ ತಳದ ಕುಂಕುಮ ನೋಡಿ, ತಿರುಗಿ ಪಡಸಾಲೆಯ ಖಾಲಿ ಗೂಟಗಳನ್ನು ನೋಡಿದ. ಆಗ ಅವಳು ಮೊದಲ ಸಲ ಗಂಡನಿಗೆ ಕೇಳುವ ದನಿಯಲ್ಲಲ್ಲ, ಹೇಳುವ ದನಿಯಲ್ಲಿ ಮಾತಾಡಿದಳು. ಹಲಸೂರಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬನ್ನಿ, ಬೀಗ ಹಾಕುವ ಪೆಟ್ಟಿಗೆ ಮಾಡಿಸಿಕೊಂಡೇ ಬನ್ನಿ ಎಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಳ್ಳಪ್ಪ ಅಂಗಳಕ್ಕೆ ಬಂದ. ಮೈಲಿಗೆಯ ಅಂತರ ಬಿಟ್ಟು ನಿಂತ. ಅವನು ಮಧ್ಯಾಹ್ನದಿಂದ ನೀರೂ ಕುಡಿದಿಲ್ಲ ಎಂದು ಗೌರಮ್ಮ ಹೇಳಿದ್ದಳು. ನಂದಿತಾ ಅವ್ವನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಅವಳ ಬಲಗಣ್ಣಿನ ಸುತ್ತ, ನಳಿಗೆಯ ಬಾಯಿ ಒತ್ತಿದ್ದ ಕಡೆ, ಕುಂಕುಮದ ಒಂದು ಉಂಗುರ ಉಳಿದಿತ್ತು. ಪಿಳ್ಳಪ್ಪ ಅದನ್ನೇ ನೋಡುತ್ತ ನಿಂತ.

"ಇದೇ ತಲೆ ಮೇಲೆ ಕೈಯಿಟ್ನಲ್ಲಮ್ಮ," ಎಂದ. ಅಷ್ಟು ಹೇಳಿ ಅಲ್ಲೇ ಅಂಗಳದಲ್ಲಿ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮುನಿಲಕ್ಷ್ಮಮ್ಮನಿಗೆ ಮಾವನ ಮೇಲೆ ಕನಿಕರ ಬಂತು, ಅದನ್ನು ಅವಳು ತಡೆದುಕೊಂಡಳು. ಕರಗಿದರೆ ಬಂದೂಕು ಮತ್ತೆ ಗೂಟಕ್ಕೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಬಂದೂಕು ಮಾರಬೇಕಾಗಿಲ್ಲ, ಕೊಡಬೇಕಾಗಿಲ್ಲ, ನಿಮ್ಮದು ನಿಮ್ಮದೇ ಎಂದಳು. ಗೂಟ ಮಾತ್ರ ಇನ್ನು ಬೇಡ. ಬಂದೂಕು ಒಂದು ಪೆಟ್ಟಿಗೆಯಲ್ಲಿ, ಕಾಡತೂಸು ಇನ್ನೊಂದರಲ್ಲಿ, ಬೀಗದ ಕೈ ಇಬ್ಬರ ಹತ್ತಿರ. ಆಗದಿದ್ದರೆ ಬಂದೂಕು ಇಲ್ಲಿಂದ ನೇರ ಠಾಣೆಗೆ, ತಾನು ಮಗುವಿನ ಜೊತೆ ಹಲಸೂರಿಗೆ. ಪಿಳ್ಳಪ್ಪ ಟವೆಲ್ಲಿನೊಳಗಿಂದಲೇ ಆಗಲಿ ಎಂದು ತಲೆಯಾಡಿಸಿದ.

ಅವಳು ನೀರು ಹಾಕಿಕೊಂಡ ದಿನ ಚೌಡಪ್ಪ ಅಳಿಯನ ಟೆಂಪೋದಲ್ಲಿ ಬಂದಿಳಿದ. ಶಿವಾಜಿನಗರದಲ್ಲಿ ಟ್ರಂಕು ಮಾಡುವ ಅಜ್ಮತ್ ಅವನ ಹಳೆಯ ಸ್ನೇಹಿತ. ಹಗಲೆಲ್ಲ ಕೂತು ಅವನು ಎರಡು ಪೆಟ್ಟಿಗೆ ಮಾಡಿಕೊಟ್ಟಿದ್ದ, ಒಂದು ಉದ್ದ, ಒಂದು ಗಿಡ್ಡ. ಉದ್ದದ್ದನ್ನು ಮಂಚದ ಕೆಳಗೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದರು. ಅದರ ಬೀಗದ ಕೈ ಪಿಳ್ಳಪ್ಪನ ಉಡಿದಾರಕ್ಕೆ. ಗಿಡ್ಡದ್ದು ಅಡುಗೆಮನೆಯ ಅಟ್ಟದ ಮೇಲೆ. ಅದರ ಬೀಗದ ಕೈ ಮುನಿಲಕ್ಷ್ಮಮ್ಮನ ತಾಳಿ ಸರಕ್ಕೆ. ಗೂಟಗಳನ್ನು ಪಿಳ್ಳಪ್ಪ ತಾನೇ ಕಿತ್ತ. ಗೋಡೆಯಲ್ಲಿ ಉಳಿದ ಎರಡು ತೂತುಗಳನ್ನು ಬರಿದು ಬಿಡಲಾರದೆ ಸಿಮೆಂಟು ತುಂಬಿದ.

ಮುನಿಲಕ್ಷ್ಮಮ್ಮ ಆಮೇಲೆ ಫ್ಯಾಕ್ಟರಿಗೆ ಸೇರಿದಳು. ಹೆದರಿಕೆ ಪೂರ್ತಿ ಹೋಯಿತು ಅಂದರೆ ಸುಳ್ಳಾದೀತು. ಹೊಲಿಯುತ್ತ ಕೂತವಳ ಕೈ ಎಷ್ಟೋ ಸಲ ತಾನಾಗಿ ಎದೆಗೆ ಹೋಗಿ ಬೀಗದ ಕೈಯನ್ನು ತಡವುತ್ತಿತ್ತು. ಊರಿನ ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು, ತೆಂಗಿನ ಮರವೂ ಹೋಯಿತು, ಲೈಸೆನ್ಸಿನವರು ಈಗ ಯಾವ ಬೆಳೆ ಎಂದು ಕೇಳುವುದನ್ನೇ ಬಿಟ್ಟಿದ್ದರು.

ಆಯುಧಪೂಜೆ ಮಾತ್ರ ತಪ್ಪಲಿಲ್ಲ. ಎರಡು ಸಾವಿರದ ನಾಲ್ಕರ ಹಬ್ಬದ ಬೆಳಿಗ್ಗೆ, ಕಣ್ಣು ಮಂಜಾದ ಪಿಳ್ಳಪ್ಪ ಪೆಟ್ಟಿಗೆ ತೆರೆದು ಬಂದೂಕು ತೆಗೆದ. ಈಗ ಅವನು ಬೆಳಗಿನ ಜಾವ ಒಬ್ಬನೇ ಈ ಕೆಲಸ ಮಾಡುತ್ತಿರಲಿಲ್ಲ. ಎಲ್ಲರೂ ಎದ್ದ ಮೇಲೆ, ಬೆಳಕಿನಲ್ಲಿ, ಅಂಗಳದಲ್ಲಿ. ಬಿಚ್ಚಿ, ಒರೆಸಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಸೊಸೆಯನ್ನು ಕರೆದ.

"ಬಾಮ್ಮ, ನೋಡು. ನಾನ್ ಖಾಲಿ ಅಂದ್ರೆ ನಂಬ್ಬೇಡ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಬಂದೂಕನ್ನು ಇಸಿದುಕೊಂಡು ಕಣ್ಣಿಟ್ಟಳು. ನಳಿಗೆಯ ಆ ತುದಿಯಲ್ಲಿ ದುಂಡಗೆ ಬೆಳಕಿತ್ತು. ಬೆಳಕಿನೊಳಗೆ, ರಂಗೋಲಿ ಹಾಕುತ್ತ ಬಗ್ಗಿದ್ದ ನಂದಿತಾಳ ಜಡೆ ಕಂಡಿತು. ಬರಿದೆಂದು ಕಣ್ಣಿಗೇ ಕಾಣುತ್ತಿದ್ದ ಬಂದೂಕಿನ ಬಾಯಿಯನ್ನು ಅವಳು ತಟಕ್ಕನೆ ಮಗಳಿಂದ ಆಚೆಗೆ, ಆಕಾಶದ ಕಡೆಗೆ ತಿರುಗಿಸಿದಳು. ಮತ್ತೆ ನೋಡಿದಳು. ಖಾಲಿ ಇದೆ ಮಾವ ಎಂದಳು.

"ಇನ್ನೊಂದ್ ಸಲ ನೋಡಮ್ಮ," ಎಂದ ಪಿಳ್ಳಪ್ಪ, ಸೇರಿಗೆ ಅಕ್ಕಿ ತುಂಬುತ್ತ.

ಅವಳು ಇನ್ನೊಂದು ಸಲ ನೋಡಿದಳು.